ತಾತನ ಆರ್‌ಸಿ, ಮಗಳ ಕೈಲಿ ಸ್ಪ್ಯಾನರು

ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ಹೋಂಡಾ ಕಂಪನಿಯ ಕಾರ್ಖಾನೆ ಶುರುವಾದದ್ದು 2013ರಲ್ಲಿ. ಹೊಸ ಸ್ಕೂಟರು ತುಂಬಿಕೊಂಡ ಉದ್ದುದ್ದ ಲಾರಿಗಳು ಹೆದ್ದಾರಿಗೆ ತಿರುಗುವುದು ಇಲ್ಲಿ ಯಾರೂ ಕತ್ತೆತ್ತಿ ನೋಡದ ದೃಶ್ಯ. ಆದರೆ ಹೆದ್ದಾರಿ ಬಿಟ್ಟು ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಒಳಊರುಗಳಿಗೆ ಹೋಗಿ. ಕೊಟ್ಟಿಗೆಯ ಮೂಲೆಯಲ್ಲೋ ರೇಷ್ಮೆ ಹುಳುಮನೆಯ ಹಿಂದೆಯೋ ಟಾರ್ಪಾಲು ಹೊದ್ದು ನಿಂತ ಬೇರೆ ಜಾತಿಯ ಗಾಡಿಗಳು ಸಿಗುತ್ತವೆ. ಜಾವಾ, ಯೆಜ್ಡಿ, ಬುಲೆಟ್, ಅಪರೂಪಕ್ಕೊಂದು ರಾಜದೂತ್. ಹಾಲಿನ ಕ್ಯಾನು, ರೇಷ್ಮೆಗೂಡಿನ ಮೂಟೆ, ಮಾವಿನಕಾಯಿ ಬುಟ್ಟಿ ಹೊತ್ತು ಸವೆದು, ಕೊನೆಗೆ ಕೋಳಿ ಕೂರುವ ಜಾಗವಾದ ಗಾಡಿಗಳು. ಇವನ್ನು ಎಬ್ಬಿಸಿ ಮತ್ತೆ ಓಡಿಸುವ ಕೆಲಸವನ್ನು ಅಪ್ಪ ಮತ್ತು ಮಕ್ಕಳು ಕೂಡಿ ಮಾಡುವುದರ ಪರಿಚಯ ಈ ಲೇಖನ.

ಈ ಸೀಮೆಗೆ ಹಳೆಯ ಮೋಟಾರ್ ಸೈಕಲ್ಲಿನ ನಂಟು ಬಂದಿದ್ದು ರಸ್ತೆಯಿಂದ. ಪೂರ್ವದ ತುದಿಯಲ್ಲಿ ಮದ್ರಾಸು. ಅಲ್ಲಿ 1955ರಿಂದ ಎನ್‌ಫೀಲ್ಡ್ ಬುಲೆಟ್ ತಯಾರಿ. ಪಶ್ಚಿಮದಲ್ಲಿ, ಬೆಂಗಳೂರು ದಾಟಿ ಮೈಸೂರು. ಅಲ್ಲಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಕಟ್ಟಿದ ಈ ಕಾರ್ಖಾನೆ 1961ರಲ್ಲಿ ಜಯಚಾಮರಾಜ ಒಡೆಯರ ಕೈಯಿಂದ ಉದ್ಘಾಟನೆಯಾಯಿತು. ಜೆಕೊಸ್ಲೊವಾಕಿಯಾದ ಜಾವಾ ಇಲ್ಲಿ ಮೈಸೂರಿನ ಗಾಡಿಯೇ ಆಯಿತು. 1973ರಿಂದ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ, 1978ರಲ್ಲಿ ರೋಡ್‌ಕಿಂಗ್, 1996ರಲ್ಲಿ ಕಾರ್ಖಾನೆಗೆ ಬೀಗ. ಹಳೆ ಮದ್ರಾಸ್ ರಸ್ತೆಯ ಮಗ್ಗುಲಿಗಿರುವ ನಮ್ಮ ತಾಲ್ಲೂಕುಗಳು ಎರಡೂ ಕಡೆಯ ಗಾಡಿಗಳನ್ನು ನೋಡಿದವು. ಪಕ್ಕದ ಕೆಜಿಎಫ್‌ನಲ್ಲಿ 2001ರವರೆಗೆ ಚಿನ್ನದ ಗಣಿ ಇತ್ತು, ಬಿಇಎಂಎಲ್ ಇಂದಿಗೂ ಇದೆ. ಲೇತ್ ಮುಂದೆ ನಿಂತು ಅನ್ನ ದುಡಿದ ಕೈಗಳು ಇಲ್ಲಿಗೆ ಹೊಸದಲ್ಲ. ಇನ್ನೊಂದು ಅನುಕೂಲ ನಮ್ಮ ಒಣಹವೆ. ಮಳೆಗಾಗಿ ಬಾಯಿಬಿಡುವ ಜಿಲ್ಲೆಗೆ ಇದೊಂದೇ ಲಾಭವೇನೋ: ಕರಾವಳಿ ಮಲೆನಾಡಿನಲ್ಲಿ ಚಾಸಿಯನ್ನೇ ತಿಂದುಹಾಕುವ ತುಕ್ಕು ಇಲ್ಲಿ ನಿಧಾನ.

ಬೆಂಗಳೂರಿನಲ್ಲಿ ದುಡ್ಡು ಕೊಟ್ಟರೆ ಫಳಫಳ ಹೊಳೆಯುವ ಹಳೆಯ ಗಾಡಿ ಮನೆಬಾಗಿಲಿಗೇ ಬರುತ್ತದೆ. ಅದನ್ನು ಖರೀದಿ ಅನ್ನಬೇಕು, ರಿಪೇರಿ ಅನ್ನಬಾರದು. ನಾನು ಹೇಳುತ್ತಿರುವುದು ಮನೆಯಲ್ಲೇ ಇದ್ದ ಗಾಡಿ, ಮನೆಯವರೇ ಬಿಚ್ಚಿದ್ದು. ಅದರ ಮೊದಲ ಕೆಲಸ ಸ್ಪ್ಯಾನರ್ ಹಿಡಿಯುವುದೇ ಅಲ್ಲ, ಟ್ರಂಕಿನ ತಳದಲ್ಲಿ ಆರ್‌ಸಿ ಪುಸ್ತಕ ಹುಡುಕುವುದು.

ಪುಸ್ತಕ ಬಹುತೇಕ ತಾತನ ಹೆಸರಲ್ಲೇ ಇರುತ್ತದೆ. ತಾತ ಹೋಗಿ ವರ್ಷಗಳಾಗಿರುತ್ತವೆ. ಜಮೀನಿಗೆ ಪೌತಿ ಖಾತೆ ಮಾಡಿಸಿಕೊಂಡವರಿಗೂ ಗಾಡಿಗೆ ಅಂಥದ್ದೇ ಒಂದು ದಾರಿ ಇದೆ ಎಂಬುದು ಗೊತ್ತಿರುವುದಿಲ್ಲ. ಮಾಲೀಕರು ತೀರಿಕೊಂಡಾಗ ವಾರಸುದಾರರಿಗೆ ವರ್ಗಾಯಿಸಲು ಇರುವುದು ಫಾರಂ 31. ನಿಯಮದ ಪ್ರಕಾರ ಮೂರು ತಿಂಗಳೊಳಗೆ ಹಾಕಬೇಕು. ತಡವಾದವರು ಕೋಲಾರದ ಕೆಎ-07 ಅಥವಾ ಕೆಜಿಎಫ್‌ನ ಕೆಎ-08, ತಮಗೆ ಸೇರಿದ ಆರ್‌ಟಿಒ ಕಚೇರಿಗೆ ಮರಣ ಪ್ರಮಾಣಪತ್ರದೊಂದಿಗೆ ಹೋಗಿ ವಿಚಾರಿಸಬೇಕು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಐವತ್ತು ವರ್ಷ ಮೀರಿ, ಮೂಲರೂಪದಲ್ಲೇ ಇರುವ ಗಾಡಿಗೆ 2021ರ ಕೇಂದ್ರ ನಿಯಮದಂತೆ ‘ವಿಂಟೇಜ್’ ನೋಂದಣಿಯೂ ಸಿಗುತ್ತದೆ: ಹೊಸದಾಗಿ ನೋಂದಾಯಿಸಲು ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ ಮಾನ್ಯ, ನಂಬರ್ ಪ್ಲೇಟಿನಲ್ಲಿ ವಿಎ ಅಕ್ಷರ. ಆದರೆ ಆಮೇಲೆ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿಗೆ ಬಿಟ್ಟು ದಿನಬಳಕೆಗೆ ತರುವಂತಿಲ್ಲ. ಸಂತೆಗೂ ತೋಟಕ್ಕೂ ಓಡಿಸುವ ಆಸೆ ಇದ್ದವರಿಗೆ ಮಾಮೂಲಿ ನವೀಕರಣವೇ ಲೇಸು ಎಂಬುದು ನನ್ನ ಅಭಿಪ್ರಾಯ.

ಕಾಗದಪತ್ರದ ಈ ಓಡಾಟದಲ್ಲೇ ಇನ್ನೊಂದು ಲಾಭ. ಚಾಸಿ ನಂಬರು ಓದಲೆಂದು ಮಣ್ಣು ಕೆರೆದು, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುವಾಗ ಮಗಳೋ ಮಗನೋ ಮೊದಲ ಸಲ ಆ ಗಾಡಿಯನ್ನು ಮುಟ್ಟುತ್ತಾರೆ. ಪ್ರಶ್ನೆ ಶುರುವಾಗುವುದು ಆಗಲೇ.

“ಅಪ್ಪಾ, ಇದಕ್ಕೆ ಸೆಲ್ಫ್ ಇಲ್ವಾ?”

“ಕಿಕ್ಕರ್ ಇದೆ ನೋಡಮ್ಮ.”

“ಎಲ್ಲಿ? ಬರೀ ಗೇರ್ ಇದೆ.”

“ಅದೇ ಕಿಕ್ಕರು!”

ಜಾವಾ, ಯೆಜ್ಡಿಗಳ ಸೊಗಸು ಇದೇ. ಎಡಗಾಲಿನ ಗೇರ್ ಲಿವರನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಎದ್ದು ನಿಂತು ಕಿಕ್ಕರ್ ಆಗುತ್ತದೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇರುವುದೂ ಹಾಗೆಯೇ; ಯಾಕೆ ಎಂದು ಮಕ್ಕಳು ಕೇಳದೆ ಬಿಡುವುದಿಲ್ಲ. ಬುಲೆಟ್ಟಿನ ಪಾಠ ಬೇರೆ. ಹಳೆಯದರಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಆಮ್‌ಮೀಟರಿನ ಮುಳ್ಳು ನಡುವಿಗೆ ಬರುವವರೆಗೆ ಕಿಕ್ಕರನ್ನು ಮೆಲ್ಲಗೆ ಒತ್ತಿ, ಡಿಕಂಪ್ರೆಸರ್ ಹಿಡಿದು ಒಂದಿಷ್ಟು ಕೆಳಗಿಳಿಸಿ, ಬಿಟ್ಟು, ಆಮೇಲೆ ತುಳಿಯಬೇಕು. ತಪ್ಪಿದರೆ ಕಿಕ್ಕರ್ ವಾಪಸ್ ಹೊಡೆಯುತ್ತದೆ. ಅಪ್ಪಂದಿರ ಮೊಣಕಾಲಿನ ಕೆಳಗಿನ ಹಳೆಯ ಕಲೆಗಳಿಗೆ ಇದೂ ಒಂದು ಕಾರಣ.

ಬಿಚ್ಚುವ ಕೆಲಸದಲ್ಲಿ ಮನೆಯ ಯಜಮಾನಿಕೆ ಅದಲುಬದಲಾಗುತ್ತದೆ. ಪ್ರತಿ ನಟ್ಟಿಗೆ ಮುಂಚೆ ಒಂದು ಫೋಟೊ, ಪ್ರತಿ ವೈರಿಗೆ ಒಂದು ಚೀಟಿ — ಇದು ಮಕ್ಕಳ ಶಿಸ್ತು. “ನಂಗೆ ಜ್ಞಾಪಕ ಇರುತ್ತೆ” ಎನ್ನುವ ಅಪ್ಪನನ್ನು ನಂಬಬೇಡಿ. ಎಲ್ಲ ಸೇರಿಸಿ ಮುಗಿಸಿದಾಗ ಡಬ್ಬದಲ್ಲಿ ನಾಲ್ಕು ವಾಷರ್ ಉಳಿಯುವುದು ಆ ಜ್ಞಾಪಕದಿಂದಲೇ. ಆದರೆ ಅಂಟಿಕೊಂಡ ನಟ್ಟಿಗೆ ಎಷ್ಟು ಬಲ ಹಾಕಬೇಕು, ಎಲ್ಲಿ ನಿಲ್ಲಿಸಿ ಎಣ್ಣೆ ಬಿಟ್ಟು ರಾತ್ರಿಯಿಡೀ ಕಾಯಬೇಕು ಎಂಬುದು ಅಪ್ಪನ ಮಣಿಕಟ್ಟಿಗೆ ಮಾತ್ರ ಗೊತ್ತು. ಕ್ಲಚ್ಚಿಗೂ ಡೈನಮೋ ರೋಟರಿಗೂ ಪುಲ್ಲರ್ ಬೇಕೇ ಬೇಕು. ಸುತ್ತಿಗೆ ಎತ್ತಿದರೋ, ನೂರರ ಕೆಲಸ ಸಾವಿರಕ್ಕೆ ಹೋಯಿತು.

ಟ್ಯಾಂಕಿನ ತುಕ್ಕು ತೆಗೆಯುವುದು ಮಕ್ಕಳಿಗೆ ಬಲು ಪ್ರಿಯ. ಹಳೆ ಪೆಟ್ರೋಲು ಪೂರ್ತಿ ಸುರಿದು, ಕಾಕ್ ಬಿಚ್ಚಿ ತೂತು ಮುಚ್ಚಿ, ಒಂದು ಹಿಡಿ ನಟ್ಟು ಅಥವಾ ಸಣ್ಣ ಜಲ್ಲಿ ಹಾಕಿ ಸೋಪಿನ ನೀರಿನೊಂದಿಗೆ ಅಲ್ಲಾಡಿಸುವುದು. ಮೊದಲ ಸಲ ಬರುವ ನೀರು ಮಾಲೂರಿನ ಇಟ್ಟಿಗೆಯ ಬಣ್ಣ. ಮತ್ತೆ ಸಿಟ್ರಿಕ್ ಆಸಿಡ್ ಬೆರೆಸಿದ ನೀರಲ್ಲಿ ನೆನೆಹಾಕಿ, ತೊಳೆದು, ಚೆನ್ನಾಗಿ ಒಣಗಿಸಿ, ತಡಮಾಡದೆ ಒಳಗೆ ಎಣ್ಣೆ ಸವರಬೇಕು. ಒದ್ದೆ ಬಿಟ್ಟರೆ ತುಕ್ಕು ಮರಳಿ ಬರುತ್ತದೆ. ಟ್ಯಾಂಕು ತೂತಾಗಿದೆ ಎಂದು ಸೀದಾ ವೆಲ್ಡಿಂಗಿಗೆ ಒಯ್ಯಬೇಡಿ. ಖಾಲಿ ಕಾಣುವ ಟ್ಯಾಂಕಿನೊಳಗೆ ಪೆಟ್ರೋಲಿನ ಆವಿ ಉಳಿದಿರುತ್ತದೆ, ಸಿಡಿಯುತ್ತದೆ.

ಇಂಜಿನ್ ಮಾತ್ರ ಮನೆಯಲ್ಲಿ ಮುಗಿಯುವ ಬಾಬತ್ತಲ್ಲ. ಬ್ಲಾಕಿಗೆ ಬೋರ್ ಹೊಡೆಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಲು ಲೇತ್ ಅಂಗಡಿಗೆ ಹೋಗಬೇಕು. ಕನೆಕ್ಟಿಂಗ್ ರಾಡ್ ಆಡುತ್ತಿದ್ದರೆ ಕ್ರ್ಯಾಂಕನ್ನು ಒತ್ತಿ ಬಿಚ್ಚಿ ಮತ್ತೆ ಸರಿಯಾಗಿ ಕೂರಿಸುವವರು ಬೇಕು. ಸಿಗದ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ. ವರ್ಷಗಟ್ಟಲೆ ನಿಂತ ಟೂ-ಸ್ಟ್ರೋಕ್ ಗಾಡಿ ಪುಣ್ಯಕ್ಕೆ ಸ್ಟಾರ್ಟ್ ಆದರೂ ಕ್ರ್ಯಾಂಕಿನ ಆಯಿಲ್ ಸೀಲ್‌ಗಳನ್ನು ಬದಲಾಯಿಸಿಯೇ ತೀರಬೇಕು. ರಬ್ಬರು ಗಟ್ಟಿಯಾಗಿ ಒಂದು ಕಡೆ ಗಾಳಿ ಎಳೆಯುತ್ತದೆ, ಇನ್ನೊಂದು ಕಡೆ ಗೇರ್ ಬಾಕ್ಸಿನ ಎಣ್ಣೆ ಹೀರಿ ಬಿಳಿ ಹೊಗೆ ಕಾರುತ್ತದೆ.

ಕಾಂಟ್ಯಾಕ್ಟ್ ಪಾಯಿಂಟ್ ಹೊಂದಿಸುವ ಗಳಿಗೆಗಾಗಿಯಾದರೂ ಈ ಕೆಲಸಕ್ಕೆ ಮಕ್ಕಳನ್ನು ಕೂರಿಸಿಕೊಳ್ಳಬೇಕು. ಎರಡು ಪುಟ್ಟ ಲೋಹದ ತುಂಡುಗಳ ನಡುವಿನ ಸಂದು ಸುಮಾರು 0.4 ಮಿಲಿಮೀಟರ್. ಫೀಲರ್ ಗೇಜಿನ ತೆಳು ತಗಡು ಅದರಲ್ಲಿ ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಜಾರಬೇಕು. ಚಾಳೀಸು ಬಂದ ಅಪ್ಪನಿಗೆ ಅದು ಕಾಣುವುದಿಲ್ಲ, ಮಗಳಿಗೆ ಕಾಣುತ್ತದೆ. ಅವಳು ಸ್ಕ್ರೂ ಬಿಗಿ ಮಾಡಿ, ಪ್ಲಗ್ಗನ್ನು ಸಿಲಿಂಡರ್ ಹೆಡ್ಡಿಗೆ ತಾಗಿಸಿ ಹಿಡಿದಾಗ, ಅಪ್ಪ ಕಿಕ್ ಹೊಡೆಯುತ್ತಾನೆ. ನೀಲಿ ಕಿಡಿ ಹಾರಿದರೆ ಸರಿ. ಕೆಂಪಾಗಿ ಕುಂಟಿದರೆ ಕಂಡೆನ್ಸರ್ ಮೇಲೆ ಅನುಮಾನ. ಭೌತಶಾಸ್ತ್ರದ ಪುಸ್ತಕದಲ್ಲಿ ಕಾಯಿಲ್ಲಿನ ಚಿತ್ರ ಬರೆದು ಅಂಕ ತಂದವರೂ ಅದನ್ನು ನಿಜವಾಗಿ ನೋಡುವುದು ಇಲ್ಲೇ.

ಬಣ್ಣದ ವಿಷಯಕ್ಕೆ ಮನೆಯಲ್ಲಿ ಜಗಳ ಖಚಿತ. ಮಗನಿಗೆ ಮ್ಯಾಟ್ ಕಪ್ಪು, ಅಪ್ಪನಿಗೆ ಜಾವಾದ ಹಳೆ ಮೆರೂನ್. ನನ್ನ ವೋಟು ಇಬ್ಬರಿಗೂ ಇಲ್ಲ. ಹಳೆಯ ಬಣ್ಣ ತಕ್ಕಮಟ್ಟಿಗೆ ಉಳಿದಿದ್ದರೆ ಪಾಲಿಶ್ ಮಾಡಿ ಹಾಗೇ ಬಿಡಿ. ಕ್ಯಾನು ತಗುಲಿ ನೆಗ್ಗಿದ ಜಾಗಕ್ಕೆ ಪುಟ್ಟಿ ಮೆತ್ತಿ ಮುಚ್ಚಿದರೆ ಆ ಗಾಡಿ ಯಾರದ್ದೂ ಆಗಬಹುದು.

ಓಡಿಸುವಾಗ ಎರಡು ಎಚ್ಚರ. ಜಾವಾ, ಯೆಜ್ಡಿಯ ಇಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಯಲ್ಲೇ. ಲೀಟರಿಗೆ ಸುಮಾರು 40 ಮಿಲಿಲೀಟರ್ ಟೂ-ಟಿ. ಬಂಕಿನಲ್ಲಿ ಟೂ-ಟಿ ಪಂಪು ಈಗ ಕಾಣಸಿಗುವುದು ಅಪರೂಪ, ಬಾಟಲಿ ಜೊತೆಗಿರಲಿ. ಕೋಲಾರದಿಂದ ಮುಳಬಾಗಿಲಿಗೆ ದೋಸೆ ತಿನ್ನುವ ನೆಪದಲ್ಲಿ ಟ್ರಯಲ್ ಹೊರಟವರು ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಬಹಳ ದೂರ ಜಾರಬಾರದು. ಪೆಟ್ರೋಲು ನಿಂತರೆ ಎಣ್ಣೆಯೂ ನಿಂತಂತೆ. ಹೊಸ ಪಿಸ್ಟನ್ ಇನ್ನೂ ಬಿಗಿಯಿರುವಾಗ ಇಂಜಿನ್ ಸೀಜ್ ಆಗಿ ಹಿಂದಿನ ಚಕ್ರ ಲಾಕ್ ಆಗುತ್ತದೆ. ಆಗ ಉಳಿಸುವುದು ಕ್ಲಚ್. ಆದ್ದರಿಂದ ಎರಡು ಬೆರಳು ಸದಾ ಅದರ ಮೇಲೆ. ಎರಡನೆಯದು ವಯಸ್ಸು. ಹದಿನಾಲ್ಕರ ಮಗಳು ಪಾಯಿಂಟ್ ಹೊಂದಿಸಬಹುದು, ಗಾಡಿ ಓಡಿಸುವಂತಿಲ್ಲ. ಗೇರ್ ಇರುವ ಗಾಡಿಗೆ 18 ತುಂಬಿರಬೇಕು. ಅಪ್ರಾಪ್ತರ ಕೈಗೆ ಕೊಟ್ಟರೆ 2019ರ ತಿದ್ದುಪಡಿಯಂತೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಅಲ್ಲಿಯತನಕ ಹಿಂದಿನ ಸೀಟು, ತಲೆಗೆ ಹೆಲ್ಮೆಟ್ಟು.

ಈ ಕೆಲಸಕ್ಕೆ ಬೇಕಾದವರು ಈಗಲೂ ನಮ್ಮ ಪೇಟೆಗಳಲ್ಲಿದ್ದಾರೆ: ಲೇತಿನವರು, ಸ್ಪೋಕ್ ಕಟ್ಟಿ ಬೆಂಡ್ ತೆಗೆಯುವವರು, ಸೀಟು ಹೊಲಿಯುವವರು. ಅವರಲ್ಲಿ ಎಷ್ಟೋ ಜನರ ಮಕ್ಕಳು ಬೇರೆ ಕೆಲಸಕ್ಕೆ ಹೋಗಿದ್ದಾರೆ, ಅಂಗಡಿಗಳು ಯಜಮಾನರ ಕಾಲಕ್ಕೇ ಮುಗಿಯಲಿವೆ. ಆದ್ದರಿಂದ ಕೊಟ್ಟಿಗೆಯಲ್ಲಿ ಗಾಡಿ ಇಟ್ಟುಕೊಂಡವರು ಮಕ್ಕಳ ಬೇಸಿಗೆ ರಜೆಗೆ ಕಾಯುತ್ತ ಕೂರಬೇಡಿ. ತೂಕಕ್ಕೆ ಹಾಕಲು ಬರುವ ಗುಜರಿಯವನನ್ನು ಹಿಂದಕ್ಕೆ ಕಳಿಸಿ, ಈ ವಾರವೇ ಆರ್‌ಸಿ ಹುಡುಕಿ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಬೆಂಗಳೂರಿನಲ್ಲಿ ಈ ಗಾಡಿಗಳ ಜಾತ್ರೆಯೇ ಸೇರುತ್ತದೆ. ಅಷ್ಟರೊಳಗೆ ನಿಮ್ಮದು ಸ್ಟಾರ್ಟ್ ಆಗದಿದ್ದರೆ ಮಕ್ಕಳನ್ನು ಕರೆದುಕೊಂಡು ಬಸ್ಸಿನಲ್ಲಾದರೂ ಹೋಗಿಬನ್ನಿ.