ಗರ್ಭಧಾರಣೆಗೆ ಮುನ್ನಿನ ಪರೀಕ್ಷೆ

ಕುಮಟೆಯ ಬಳಿಯ ಹೊಳನಗದ್ದೆಯಂಥ ಊರುಗಳಲ್ಲಿ ಬಸುರಿಯ ಉಪಚಾರವು ಸುದ್ದಿ ತಿಳಿದ ಮೇಲೆ ಮೊದಲಾಗುವುದು ವಾಡಿಕೆ. ಶಿಶುವಿನ ಮಿದುಳು, ಬೆನ್ನುಹುರಿಗಳಾಗುವ ನಾಳವಾದರೋ ಗರ್ಭ ನಿಂತ ಸುಮಾರು 28 ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ. ಆ ವೇಳೆಗೆ ಎಷ್ಟೋ ಸ್ತ್ರೀಯರಿಗೆ ಮುಟ್ಟು ತಪ್ಪಿತೆಂಬ ಅನುಮಾನ ಮಾತ್ರ. ಅದು ಮುಚ್ಚದುಳಿಯುವ ದೋಷವನ್ನು ಬಹುಮಟ್ಟಿಗೆ ತಡೆಯುವ ಫೋಲಿಕ್ ಆಮ್ಲವನ್ನು ದಿನಕ್ಕೆ 400 ಮೈಕ್ರೋಗ್ರಾಮಿನಂತೆ ತಿಂಗಳು ಮೊದಲೇ ಆರಂಭಿಸಿ, ಗರ್ಭದ 12ನೆಯ ವಾರದವರೆಗೆ ಸೇವಿಸತಕ್ಕದ್ದು. ಆದುದರಿಂದ ಮಗು ಬೇಕೆಂದು ನಿಶ್ಚಯಿಸಿದಾಗಲೇ ದಂಪತಿಗಳು (ಗಂಡನೂ, ಶ್ರೋತೃಗಳೇ!) ಕುಮಟೆಯ ವೈದ್ಯರನ್ನು ಕಾಣುವುದೊಳ್ಳಿತು. ರಕ್ತಹೀನತೆ, ಸಕ್ಕರೆ, ರಕ್ತದೊತ್ತಡಗಳನ್ನು ಪರೀಕ್ಷಿಸಿಕೊಳ್ಳಬೇಕು. ರುಬೆಲ್ಲಾ ಲಸಿಕೆ ಹಾಕಿಸಿಕೊಂಡರೆ ಒಂದು ತಿಂಗಳು ಕಾಯಬೇಕು. ನಿತ್ಯ ಸೇವಿಸುವ ಔಷಧಗಳ ಚೀಟಿಯನ್ನು ಮರೆಯದೆ ಒಯ್ಯಿರಿ: ಮೂರ್ಛೆರೋಗದ ಕೆಲವು ಗುಳಿಗೆಗಳು ಶಿಶುವಿಗೆ ಹಾನಿಕರ, ಆದರೂ ಅವನ್ನು ವೈದ್ಯರ ಅಪ್ಪಣೆಯಿಲ್ಲದೆ ನಿಲ್ಲಿಸಕೂಡದು.