ಕೈ ಕಲಿಯುವ ಪಾಠ

ನಾಲ್ಕು ಬಿದಿರಿನ ಪಟ್ಟಿಗಳನ್ನು ತೆಗೆದುಕೊಳ್ಳಿರಿ. ಒಂದೊಂದು ಮೂಲೆಗೆ ಒಂದೊಂದೇ ಮೊಳೆ ಹೊಡೆದು ಅವುಗಳಿಂದ ಒಂದು ಚೌಕಟ್ಟನ್ನು ಮಾಡಿರಿ. ಅದರ ಒಂದು ಮೂಲೆಯನ್ನು ಬೆರಳಿನಿಂದ ತುಸು ಒತ್ತಿದರೆ ಸಾಕು, ಚೌಕವು ವಾಲಿ ಓರೆಯಾಗುತ್ತದೆ. ಈಗ ಮೂರೇ ಪಟ್ಟಿಗಳಿಂದ ಒಂದು ತ್ರಿಕೋನವನ್ನು ಮಾಡಿ ಒತ್ತಿ ನೋಡಿರಿ. ಬಹಳ ಬಲ ಹಾಕಿದರೆ ಪಟ್ಟಿ ಮುರಿಯಬಹುದು, ಮೊಳೆ ಕಿತ್ತು ಬರಬಹುದು. ಆದರೆ ಅಲ್ಲಿಯವರೆಗೆ ಅದರ ಆಕಾರ ಮಾತ್ರ ಕದಲದು. ಮೂರು ಬಾಹುಗಳ ಉದ್ದ ಗೊತ್ತಾದರೆ ತ್ರಿಕೋನದ ಆಕಾರ ನಿಶ್ಚಿತವಾಗುತ್ತದೆ ಎಂಬುದನ್ನು ನೀವು ರೇಖಾಗಣಿತದಲ್ಲಿ ಓದಿದ್ದೀರಿ. ಪುಸ್ತಕದಲ್ಲಿ ಅದೊಂದು ನಿಯಮ. ಕೈಯಲ್ಲಿ ಅದೊಂದು ಅನುಭವ. ಓದಿದ ನಿಯಮ ಮರೆತುಹೋಗಬಹುದು. ಬೆರಳ ತುದಿಯಿಂದ ಕಂಡುಕೊಂಡ ಸತ್ಯವನ್ನು ಮರೆಯುವವರು ವಿರಳ.

ಹೀಗೆ ಮಾಡಿ ನೋಡಿ ತಿಳಿಯುವುದೇ ಎಂಜಿನಿಯರಿಂಗ್ ವಿದ್ಯೆಯ ಮೊದಲ ಮೆಟ್ಟಿಲು. ಕೈಕೆಲಸದ ಮೂಲಕವೇ ಶಿಕ್ಷಣ ನಡೆಯಬೇಕೆಂಬ ವಿಚಾರವನ್ನು ಗಾಂಧೀಜಿಯವರು 1937ರಲ್ಲಿ ವಾರ್ಧಾದ ಶಿಕ್ಷಣ ಸಮ್ಮೇಳನದಲ್ಲಿ ದೇಶದ ಮುಂದಿಟ್ಟರು. 2016ರಲ್ಲಿ ಆರಂಭವಾದ ಯೋಜನೆಯೊಂದರಂತೆ ದೇಶದ ಸಾವಿರಾರು ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ತೆರೆದಿವೆ. ಆರರಿಂದ ಹನ್ನೆರಡನೆಯ ತರಗತಿಯವರೆಗಿನ ಮಕ್ಕಳು ಅಲ್ಲಿ ಉಪಕರಣಗಳನ್ನು ಹಿಡಿದು ಕೆಲಸ ಮಾಡುತ್ತಾರೆ. ಆದರೆ ದುಬಾರಿ ಉಪಕರಣಗಳಿಲ್ಲದ ಶಾಲೆಯಲ್ಲಿಯೂ ಈ ವಿದ್ಯೆಯ ತಿರುಳನ್ನು ಕಲಿಯಲು ಅಡ್ಡಿಯಿಲ್ಲ. ಒಂದು ಪುಟ್ಟ ಸೇತುವೆಯನ್ನು ಕಟ್ಟಿದರೆ ಸಾಕು.

ಅರವತ್ತು ಸೆಂಟಿಮೀಟರು ದೂರವಿಟ್ಟ ಎರಡು ಮೇಜುಗಳ ನಡುವೆ ಮರದ ತೆಳು ಪಟ್ಟಿಗಳಿಂದ ಸೇತುವೆಯನ್ನು ನಿರ್ಮಿಸಬೇಕು. ಅದು ತನ್ನ ತೂಕದ ಹಲವು ಪಟ್ಟು ಭಾರವನ್ನು ಹೊರಬೇಕು. ಇದು ಕೆಲಸ. ಮೊದಲು ಎತ್ತಿಕೊಳ್ಳಬೇಕಾದುದು ಗರಗಸವನ್ನಲ್ಲ, ಸೀಸದ ಕಡ್ಡಿಯನ್ನು. ವಸ್ತುವನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ನೋಡಿದರೆ ಹೇಗೆ ಕಾಣುವುದೋ ಹಾಗೆ ಮೂರು ನಕ್ಷೆಗಳನ್ನು ಬರೆದು ಅಳತೆಗಳನ್ನು ನಮೂದಿಸಬೇಕು. ಮನಸ್ಸಿನಲ್ಲಿರುವ ಸೇತುವೆ ಒಬ್ಬನದು. ನಕ್ಷೆಗೆ ಇಳಿದ ಸೇತುವೆ ಎಲ್ಲರದು. ಒಬ್ಬಳು ಬರೆದ ನಕ್ಷೆಯನ್ನು ನೋಡಿ ಮತ್ತೊಬ್ಬನು ಪಟ್ಟಿಯನ್ನು ಕೊಯ್ಯಬಲ್ಲನಾದರೆ, ಆ ನಕ್ಷೆ ಸರಿಯಾಗಿದೆ ಎಂದೇ ಅರ್ಥ.

ಎರಡನೆಯದು ಅಳತೆ. ಒಂದು ಉದ್ದನೆಯ ಪಟ್ಟಿಯಿಂದ ಹತ್ತು ಹತ್ತು ಸೆಂಟಿಮೀಟರಿನ ತುಂಡುಗಳನ್ನು ಮಾಡಬೇಕಾಗಿದೆ ಎಂದಿಟ್ಟುಕೊಳ್ಳೋಣ. ಎಲ್ಲ ಗುರುತುಗಳನ್ನೂ ಒಮ್ಮೆಗೇ ಹಾಕಿ ಕೊಯ್ದರೆ ತುಂಡುಗಳು ಗಿಡ್ಡವಾಗಿರುವುದು ಕಂಡು ಆಶ್ಚರ್ಯವಾಗುತ್ತದೆ. ಕಾರಣವಿಷ್ಟೆ: ಗರಗಸದ ಹಲ್ಲುಗಳಿಗೂ ದಪ್ಪವಿದೆ, ಪ್ರತಿಯೊಂದು ಕೊಯ್ತದಲ್ಲಿಯೂ ಒಂದಿಷ್ಟು ಮರ ಪುಡಿಯಾಗಿ ಉದುರಿಹೋಗುತ್ತದೆ. ಆದುದರಿಂದ ಒಂದು ತುಂಡನ್ನು ಕೊಯ್ದ ಮೇಲೆಯೇ ಮುಂದಿನದನ್ನು ಅಳೆಯಬೇಕು. ಗರಗಸವನ್ನು ಗೆರೆಯ ಮೇಲೆ ಇಡದೆ, ಬೇಡದ ಭಾಗದ ಕಡೆಗೆ ಇಡಬೇಕು. ಬರವಣಿಗೆಯ ತಪ್ಪನ್ನು ಅಳಿಸಬಹುದು. ಗಿಡ್ಡವಾಗಿ ಕೊಯ್ದ ಮರವನ್ನು ಉದ್ದ ಮಾಡುವುದು ಸಾಧ್ಯವಿಲ್ಲ. ಬಡಗಿಯು ಕೊಯ್ಯುವ ಮುನ್ನ ಮತ್ತೊಮ್ಮೆ ಅಳೆಯುವುದು ಅನುಮಾನದಿಂದಲ್ಲ, ಅನುಭವದಿಂದ.

ಮೂರನೆಯದು ಬಲಗಳ ಪರಿಚಯ. ಒಂದು ತೆಳು ಪಟ್ಟಿಯ ಎರಡು ತುದಿಗಳನ್ನು ಹಿಡಿದು ಜಗ್ಗಿರಿ. ಅದು ಸುಲಭವಾಗಿ ಜಗ್ಗದು. ಅದೇ ಪಟ್ಟಿಯ ತುದಿಗಳನ್ನು ಒಳಮುಖವಾಗಿ ಒತ್ತಿರಿ; ಕೂಡಲೆ ಅದು ಪಕ್ಕಕ್ಕೆ ಬಿಲ್ಲಿನಂತೆ ಬಾಗುತ್ತದೆ. ಎಳೆತವನ್ನು ತಾಳುವ ವಸ್ತುವೇ ಒತ್ತಡಕ್ಕೆ ಬಾಗಿ ಸೋಲುವುದುಂಟು. ಆದರೆ ಅದೇ ಪಟ್ಟಿಯನ್ನು ಅರ್ಧ ಉದ್ದಕ್ಕೆ ಕೊಯ್ದರೆ, ಬಾಗುವ ಮುನ್ನ ಅದು ಮೊದಲಿನ ನಾಲ್ಕರಷ್ಟು ಒತ್ತಡವನ್ನು ತಡೆಯಬಲ್ಲದು. ಸೇತುವೆಯಲ್ಲಿ ಉದ್ದನೆಯ ಪಟ್ಟಿಗಳ ನಡುನಡುವೆ ಓರೆಪಟ್ಟಿಗಳನ್ನು ಜೋಡಿಸಿ ತ್ರಿಕೋನಗಳ ಸಾಲನ್ನು ಮಾಡುವುದರಿಂದ ಎರಡು ಪ್ರಯೋಜನಗಳಿವೆ: ಆಕಾರ ಕದಲುವುದಿಲ್ಲ, ಒತ್ತಡಕ್ಕೊಳಗಾದ ಪಟ್ಟಿ ಚಿಕ್ಕ ಚಿಕ್ಕ ಭಾಗಗಳಾಗಿ ನಿಂತು ಬಾಗದೆ ಉಳಿಯುತ್ತದೆ.

ಅಂಟು ಚೆನ್ನಾಗಿ ಒಣಗಿದ ಮೇಲೆ ಪರೀಕ್ಷೆಯ ದಿನ ಬರುತ್ತದೆ. ಸೇತುವೆಯ ನಡುಭಾಗಕ್ಕೆ ಒಂದು ಬಕೀಟನ್ನು ತೂಗುಹಾಕಿ, ಲೋಟದಿಂದ ಅಳೆದಳೆದು ಮರಳು ಸುರಿಯುತ್ತಾರೆ. ಪ್ರತಿ ಲೋಟಕ್ಕೂ ಸೇತುವೆ ಎಷ್ಟು ತಗ್ಗಿತೆಂದು ಒಬ್ಬರು ಅಳೆಯುತ್ತಾರೆ, ಮತ್ತೊಬ್ಬರು ಬರೆದುಕೊಳ್ಳುತ್ತಾರೆ. ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿರುವಾಗ ಸಣ್ಣದೊಂದು ಸದ್ದು ಕೇಳಿಸುತ್ತದೆ. ಮರುಕ್ಷಣವೇ ವಾರಗಳ ದುಡಿಮೆ ನೆಲಕ್ಕೆ ಬೀಳುತ್ತದೆ. ಪಾಠ ಅಲ್ಲಿಗೆ ಮುಗಿಯಲಿಲ್ಲ, ಆಗ ಆರಂಭವಾಯಿತು. ಮೊದಲು ಮುರಿದುದು ಯಾವ ಪಟ್ಟಿ? ಅದು ಎಳೆತಕ್ಕೆ ಹರಿಯಿತೆ, ಒತ್ತಡಕ್ಕೆ ಬಾಗಿತೆ? ಅಥವಾ ಅಂಟು ಬಿಟ್ಟಿತೆ? ಉತ್ತರವನ್ನು ಇದ್ದುದಿದ್ದಂತೆ ಪುಸ್ತಕದಲ್ಲಿ ಬರೆದ ತಂಡವು ಎರಡನೆಯ ಸೇತುವೆಯನ್ನು ಹೆಚ್ಚು ಬಲವಾಗಿ ಕಟ್ಟುತ್ತದೆ. ತಪ್ಪನ್ನು ಮುಚ್ಚಿಟ್ಟ ತಂಡವು ಅದೇ ತಪ್ಪನ್ನು ಮತ್ತೆ ಕಟ್ಟುತ್ತದೆ.

ಮಕ್ಕಳ ಆಟದ ಸೇತುವೆಗೆ ಇಷ್ಟೊಂದು ನಿಷ್ಠೆ ಏಕೆಂದು ನೀವು ಕೇಳಬಹುದು. ಕೊಲ್ಕತ್ತಾದಲ್ಲಿ ಹೂಗ್ಲಿ ನದಿಯ ಮೇಲಿರುವ, 1943ರಲ್ಲಿ ಸಂಚಾರಕ್ಕೆ ತೆರೆದ ಹೌರಾ ಸೇತುವೆಯ ಚಿತ್ರವನ್ನು ನೋಡಿರಿ. ನಿಮ್ಮ ಮೇಜಿನ ಮೇಲಿನ ತ್ರಿಕೋನಗಳೇ ಅಲ್ಲಿ ಉಕ್ಕಿನಲ್ಲಿ ನಿಂತಿವೆ. ಅದೇ ಜಾತಿಯ ಇನ್ನೊಂದು ಸೇತುವೆಯನ್ನು ಕೆನಡಾ ದೇಶದ ಕ್ವೆಬೆಕ್ ನಗರದ ಬಳಿ ಸೇಂಟ್ ಲಾರೆನ್ಸ್ ನದಿಗೆ ಕಟ್ಟುತ್ತಿದ್ದರು. ಅದರ ನಡುವಣ ಹರವನ್ನು 1,600 ಅಡಿಗಳಿಂದ 1,800 ಅಡಿಗಳಿಗೆ ಹೆಚ್ಚಿಸಲಾಯಿತು. ಆದರೆ ಹರವಿನೊಡನೆ ಹೆಚ್ಚಿದ ಸೇತುವೆಯ ಸ್ವಂತ ತೂಕವನ್ನು ಸಕಾಲದಲ್ಲಿ ಮತ್ತೆ ಲೆಕ್ಕ ಹಾಕಲಿಲ್ಲ. 1907ರ ಆಗಸ್ಟ್ ತಿಂಗಳಲ್ಲಿ, ಒತ್ತಡವನ್ನು ತಾಳಬೇಕಾಗಿದ್ದ ಕೆಳಗಣ ಉಕ್ಕಿನ ತೊಲೆಯೊಂದು ಎರಡು ಅಂಗುಲಕ್ಕೂ ಹೆಚ್ಚು ಬಾಗಿದ್ದುದು ಅಳತೆಯಿಂದ ತಿಳಿದುಬಂತು. ಬಾಗು ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೂ ಕೆಲಸ ನಿಲ್ಲಲಿಲ್ಲ. ದೂರದ ನ್ಯೂಯಾರ್ಕಿನಲ್ಲಿದ್ದ ಸಲಹೆಗಾರ ಎಂಜಿನಿಯರು, ಇನ್ನು ಭಾರ ಹೇರಬೇಡಿರೆಂದು ಕಳುಹಿಸಿದ ತಂತಿಯ ಸಂದೇಶ ಕೆಲಸದ ಸ್ಥಳಕ್ಕೆ ಸಕಾಲದಲ್ಲಿ ಮುಟ್ಟಲಿಲ್ಲ. ಆಗಸ್ಟ್ 29ರ ಸಂಜೆ ಸೇತುವೆ ಕುಸಿದುಬಿತ್ತು. 75 ಮಂದಿ ಕೆಲಸಗಾರರು ಪ್ರಾಣ ಕಳೆದುಕೊಂಡರು.

ಪಟ್ಟಿಯೊಂದು ಒತ್ತಡಕ್ಕೆ ಬಿಲ್ಲಿನಂತೆ ಬಾಗುವುದನ್ನು ನಿಮ್ಮ ಕೈಯಲ್ಲಿಯೇ ಕಂಡಿರಲ್ಲವೆ? ಅಲ್ಲಿ ನಡೆದುದೂ ಅದೇ. ಬದಲಾದ ಅಳತೆಗೆ ತಕ್ಕಂತೆ ಲೆಕ್ಕವನ್ನು ಬದಲಿಸದಿದ್ದುದು, ಕಣ್ಣಿಗೆ ಕಂಡ ಬಾಗನ್ನು ಕೂಡಲೆ ನಂಬದಿದ್ದುದು, ಈ ಎರಡೂ ಶಾಲೆಯ ಕಾರ್ಯಾಗಾರದಲ್ಲಿ ದಿನನಿತ್ಯ ಆಗುವ ತಪ್ಪುಗಳೇ. ಅಲ್ಲಿ ಅವುಗಳ ಬೆಲೆ ಒಂದು ಮರದ ಪಟ್ಟಿ. ನದಿಯ ಮೇಲೆ ಅವುಗಳ ಬೆಲೆ ಮನುಷ್ಯರ ಪ್ರಾಣ. ತಪ್ಪು ಮಾಡಿ ಕಲಿಯಲು ಪ್ರೌಢಶಾಲೆಗಿಂತ ಒಳ್ಳೆಯ ಸ್ಥಳ ಇನ್ನೊಂದಿಲ್ಲವೆಂಬುದು ಇದಕ್ಕಾಗಿಯೇ.

ಕ್ವೆಬೆಕ್ ಸೇತುವೆಯನ್ನು ಹೊಸ ನಕ್ಷೆಯಂತೆ ಕಟ್ಟುವಾಗ 1916ರಲ್ಲಿ ಮತ್ತೊಂದು ಅಪಘಾತ ನಡೆದು 13 ಮಂದಿ ಸತ್ತರು. ಕೊನೆಗೆ 1917ರಲ್ಲಿ ಅದು ಪೂರ್ಣಗೊಂಡಿತು. ಅದೇ ಕೆನಡಾದಲ್ಲಿ 1925ರಿಂದ ಒಂದು ಸಂಪ್ರದಾಯ ನಡೆದುಬಂದಿದೆ. ಎಂಜಿನಿಯರಿಂಗ್ ವಿದ್ಯೆಯನ್ನು ಮುಗಿಸಿದವರು ಪ್ರತಿಜ್ಞೆ ಮಾಡಿ, ಕೆಲಸ ಮಾಡುವ ಕೈಯ ಕಿರುಬೆರಳಿಗೆ ಸರಳವಾದ ಒಂದು ಉಂಗುರವನ್ನು ಧರಿಸುತ್ತಾರೆ. ನಕ್ಷೆ ಬರೆಯುವಾಗಲೆಲ್ಲ ಅದು ಕಾಗದಕ್ಕೆ ತಗುಲಿ ಹೊಣೆಯನ್ನು ನೆನಪಿಸುತ್ತದೆ. ನಿಮ್ಮ ಬೆರಳಿಗೆ ಉಂಗುರ ಬೇಕಿಲ್ಲ. ಕೊಯ್ಯುವ ಮುನ್ನ ಇನ್ನೊಮ್ಮೆ ಅಳೆಯುವ ಅಭ್ಯಾಸವೂ, ಮುರಿದುದನ್ನು ಮುರಿಯಿತೆಂದೇ ಬರೆಯುವ ಧೈರ್ಯವೂ ಕೈಗೆ ಬಂದರೆ, ಅದೇ ಸಾಕು.