ತೂಬಿನ ಸರದಿ ಮತ್ತು ವಿಮಾನದ ನಿಲುಗಡೆ: ಹಂಚಿಕೆಯ ತೌಲನಿಕ ವಿವೇಚನೆ

ದೇವನಹಳ್ಳಿ ತಾಲ್ಲೂಕಿನ ವಿಜಯಪುರವು ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯ ಬೇಸಾಯವು ಬಹುಕಾಲ ಕೆರೆಗಳನ್ನೇ ನೆಚ್ಚಿತ್ತು. ತೂಬು ತೆರೆದು ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವ ಹೊಣೆ ನೀರುಗಂಟಿಯದು. ಇದೇ ತಾಲ್ಲೂಕಿನಲ್ಲಿ 2008ರ ಮೇ 24ರಂದು ಆರಂಭಗೊಂಡು, ಮುಂದೆ ಕೆಂಪೇಗೌಡರ ಹೆಸರು ಪಡೆದ ವಿಮಾನ ನಿಲ್ದಾಣದಲ್ಲಿ ಹಂಚಬೇಕಾದುದು ನೀರಲ್ಲ, ನಿಲುಗಡೆಯ ಜಾಗ ಮತ್ತು ಗೇಟು. ವಸ್ತು ಬೇರೆಯಾದರೂ ಪ್ರಶ್ನೆ ಒಂದೇ: ಮಿತವಾದುದನ್ನು ಯಾರಿಗೆ, ಯಾವಾಗ, ಎಷ್ಟು ಹೊತ್ತು ಕೊಡಬೇಕು?

ವಿಮಾನದ ನಿಲುಗಡೆಗೆ ಕೆಲವು ಮೀರಲಾಗದ ಕಟ್ಟುಗಳಿವೆ. ಮೊದಲನೆಯದು ಗಾತ್ರ. ಏರ್‌ಬಸ್ ಎ320 ವಿಮಾನದ ರೆಕ್ಕೆಗಳ ಹರವು 36 ಮೀಟರಿನೊಳಗಿದ್ದರೆ, 2022ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ ಬರಲಾರಂಭಿಸಿದ ಎ380ರ ಹರವು ಸುಮಾರು 80 ಮೀಟರ್. ಎರಡನೆಯದು ಕಾಲ. ಒಂದು ವಿಮಾನ ಹೊರಟು ಇನ್ನೊಂದು ಬರುವ ನಡುವೆ ಕೆಲವು ನಿಮಿಷಗಳ ತೆರಪು ಇರಲೇಬೇಕು. ಮೂರನೆಯದು, ವಲಸೆ ಮತ್ತು ಸುಂಕದ ತಪಾಸಣೆಯ ಕಾರಣದಿಂದ ದೇಶೀಯ ಹಾಗೂ ಅಂತರರಾಷ್ಟ್ರೀಯ ಪ್ರಯಾಣಿಕರ ದಾರಿಗಳು ಬೇರೆಯಾಗಿರಬೇಕು. ಕಟ್ಟಡಕ್ಕೆ ತಾಗಿದ ಜಾಗಗಳು ತುಂಬಿದಾಗ ವಿಮಾನವು ದೂರದಲ್ಲಿ ನಿಲ್ಲುತ್ತದೆ. ಪ್ರಯಾಣಿಕರು ಬಸ್ಸಿನಲ್ಲಿ ಬರುತ್ತಾರೆ.

ಈ ಕಟ್ಟುಗಳೊಳಗೆ ಹಂಚುವುದು ಸುಲಭವೆಂದು ತೋರಬಹುದು. ಆದರೆ 10 ವಿಮಾನಗಳನ್ನು 10 ಗೇಟುಗಳಿಗೆ 36,28,800 ಬಗೆಗಳಲ್ಲಿ ಜೋಡಿಸಲು ಸಾಧ್ಯ. ಪ್ರಯಾಣಿಕರು ವಿಮಾನ ಬದಲಿಸುವಲ್ಲಿ ತೊಡಕು ಇನ್ನೂ ಹೆಚ್ಚು. ಹುಬ್ಬಳ್ಳಿಯಿಂದ ಬಂದವರು ದುಬೈ ವಿಮಾನ ಹಿಡಿಯಬೇಕಾದರೆ, ಅವರು ಇಳಿಯುವ ಗೇಟು ಅನುಕೂಲವೋ ಅಲ್ಲವೋ ಎಂಬುದನ್ನು ದುಬೈ ವಿಮಾನದ ಗೇಟು ತಿಳಿಯದೆ ನಿರ್ಣಯಿಸಲಾಗದು. ಇಂಥ ಪರಸ್ಪರ ಅವಲಂಬಿತ ಹಂಚಿಕೆಯ ಗಣಿತರೂಪವನ್ನು ಅರ್ಥಶಾಸ್ತ್ರಜ್ಞರಾದ ಕೂಪ್‌ಮನ್ಸ್ ಮತ್ತು ಬೆಕ್‌ಮನ್ 1957ರಲ್ಲಿ ಮಂಡಿಸಿದರು. 2023ರ ಸೆಪ್ಟೆಂಬರ್ 12ರಂದು ದೇವನಹಳ್ಳಿಯ ಅಂತರರಾಷ್ಟ್ರೀಯ ಸಂಚಾರವು ಎರಡನೆಯ ಟರ್ಮಿನಲ್‌ಗೆ ಸ್ಥಳಾಂತರಗೊಂಡ ಮೇಲೆ, ಮೊದಲನೆಯದರಲ್ಲಿ ಇಳಿದು ವಿದೇಶಕ್ಕೆ ಹೋಗುವವರಿಗೆ ಕಟ್ಟಡವನ್ನೂ ಬದಲಿಸಬೇಕಾಯಿತು.

ಗಣಕಯಂತ್ರವು ಸಾಮಾನ್ಯವಾಗಿ ಒಟ್ಟು ಮೊತ್ತವನ್ನು ಕಡಿಮೆ ಮಾಡಲು ಯತ್ನಿಸುತ್ತದೆ. ಒಂದು ಕಲ್ಪಿತ ಲೆಕ್ಕವನ್ನು ಗಮನಿಸಬಹುದು. ಒಂದು ಹಂಚಿಕೆಯಿಂದ 100 ಜನರಿಗೆ ತಲಾ 3 ನಿಮಿಷ ಉಳಿಯುತ್ತದೆ. ಐದು ಜನರಿಗೆ ತಲಾ 40 ನಿಮಿಷ ಹೆಚ್ಚಾಗುತ್ತದೆ. ಉಳಿದದ್ದು 300, ಹೆಚ್ಚಿದ್ದು 200. ಮೊತ್ತದ ದೃಷ್ಟಿಯಿಂದ ಇದು ಲಾಭ. ಆದರೆ ಆ ಐವರಿಗೆ ಮುಂದಿನ ವಿಮಾನ ತಪ್ಪಿದರೆ, ಅವರ ನಷ್ಟವನ್ನು ನಿಮಿಷಗಳಲ್ಲಿ ಅಳೆಯಲಾಗದು.

ಈ ಹಂತದಲ್ಲಿ ನೀರುಗಂಟಿಯ ಕ್ರಮ ವಿಚಾರಯೋಗ್ಯವೆನಿಸುತ್ತದೆ. ಕೆರೆಗೆ ಸಮೀಪದ ಗದ್ದೆಗಳಿಗಷ್ಟೇ ನೀರು ಹಾಯಿಸಿದರೆ ದಾರಿಯಲ್ಲಿ ಇಂಗುವ ನೀರು ಉಳಿಯುತ್ತಿತ್ತು. ಕೊನೆಯ ಗದ್ದೆ ಮಾತ್ರ ಒಣಗುತ್ತಿತ್ತು. ಸರದಿ ಎಂಬ ಏರ್ಪಾಡು ಇರುವುದೇ ಇದನ್ನು ತಡೆಯಲು. ಒಣಗಿದ ಗದ್ದೆ ಯಾರದೆಂದು ಊರಿಗೆ ತಿಳಿದಿರುತ್ತಿತ್ತು. ನೀರುಗಂಟಿ ಉತ್ತರ ಹೇಳಬೇಕಿತ್ತು. ಆದರೂ ಈ ವ್ಯವಸ್ಥೆಯನ್ನು ವೈಭವೀಕರಿಸಬೇಕಿಲ್ಲ. ಹಲವೆಡೆ ದಲಿತ ಕುಟುಂಬಗಳಿಗೆ ಸೇರಿದ ನೀರುಗಂಟಿ ಸುಗ್ಗಿಯಲ್ಲಿ ಧಾನ್ಯದ ಪಾಲು ಪಡೆದು, ತನಗಿಂತ ಬಲಿಷ್ಠರಾದ ಭೂಮಾಲೀಕರ ನಡುವೆ ಕೆಲಸ ಮಾಡಬೇಕಿತ್ತು.

ಚಳಿಗಾಲದ ಮುಂಜಾವಿನಲ್ಲಿ ದೇವನಹಳ್ಳಿ ಸೀಮೆಗೆ ಮಂಜು ಕವಿದಾಗ ವಿಮಾನಗಳ ನಿರ್ಗಮನ ತಡವಾಗಿ, ಬರುವವುಗಳಿಗೆ ಜಾಗ ತೆರವಾಗದೆ, ಸಿದ್ಧಪಡಿಸಿದ ಹಂಚಿಕೆ ಮುರಿಯುತ್ತದೆ. ಹಂಚಿಕೆಯ ನಿಜವಾದ ಪರೀಕ್ಷೆ ನಡೆಯುವುದು ಇಂಥ ಕೊರತೆಯ ಹೊತ್ತಿನಲ್ಲಿಯೇ. ಗೇಟುಗಳ ನಡುವೆ ಬಿಡುವ ತೆರಪನ್ನು ಹೆಚ್ಚಿಸುವುದು, ವಿಮಾನ ತಪ್ಪುವ ನಷ್ಟಕ್ಕೆ ಪ್ರತ್ಯೇಕ ತೂಕ ನೀಡುವುದು, ಯಾವ ಪ್ರಯಾಣಿಕರ ವಿಳಂಬವೂ ಇಂತಿಷ್ಟನ್ನು ಮೀರಬಾರದೆಂಬ ಮಿತಿ ಹಾಕುವುದು ಗಣಿತಕ್ಕೆ ಅಸಾಧ್ಯವೇನಲ್ಲ. ಆದರೆ ಆ ಮಿತಿ ಎಷ್ಟಿರಬೇಕೆಂಬುದನ್ನು ಮನುಷ್ಯರೇ ನಿರ್ಧರಿಸಬೇಕು. ಕೊನೆಯ ಗದ್ದೆಯನ್ನು ಲೆಕ್ಕದೊಳಗೆ ತರುವ ಸರದಿಯ ತತ್ತ್ವವು ಜಾನಪದ ಅಧ್ಯಯನದ ವಸ್ತುವಾಗಿರುವಂತೆಯೇ ಇಂದಿನ ಯೋಜಕರಿಗೂ ಪ್ರಸ್ತುತವಾಗಿದೆ.